ಇಪ್ಪತ್ನಾಲ್ಕನೆಯ ನೆಗಡಿ

೧೯೪೪ನೆಯ ಇಸವಿ ಜನವರಿ ೧೭, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಶುರುವಾಯಿತು. ಶಾಲೆಯ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಅದು ಹತ್ತು ನಿಮಿಷ ಮುಂದೆ ಓಡುವುದರಿಂದ ಕಳೆದು ಬರೆದಿದ್ದೇನೆ. ನಾನು ಹುಮನಾಬಾದಿನಲ್ಲಿ ಮಾಸ್ತರ. ಭಾಗಾಕಾರ ಹೇಳಿಕೊಡುತ್ತ ಹಲಗೆಯ ಮೇಲೆ ಶೇಷ ಬರೆಯುವಷ್ಟರಲ್ಲಿ ಮೂಗಿನ ಬುಡದಲ್ಲಿ ಇರುವೆ ನಡೆದಂತಾಯಿತು. ಮುಂದೆ ಏನಾಯಿತೆಂದು ಹೇಳಬೇಕಾಗಿಲ್ಲ. ಕಣ್ಣು ತೆರೆದು ನೋಡಿದರೆ ಕೈಯಲ್ಲಿದ್ದ ಸುಣ್ಣದ ಖಡು ಎರಡು ತುಂಡಾಗಿತ್ತು, ಶೇಷ ಅಳಿಸಿಹೋಗಿತ್ತು. ಮಾಸ್ತರು ತಮ್ಮ ಸೀನು ಎಣಿಸುತ್ತಾರೆ ಎಂಬುದು ತರಗತಿಗೆಲ್ಲ ಗೊತ್ತು. “ಆರ್ ಆದ್ವು ರೀ ಮಾಸ್ತರ” ಎಂದು ಹಿಂದಿನ ಸಾಲು ಹೇಳಿತು. ನನ್ನ ಲೆಕ್ಕದಲ್ಲಿ ಐದು. ನಡುವಿನದು ಕೆಮ್ಮು, ಕೆಮ್ಮನ್ನು ಸೀನಿನಲ್ಲಿ ಹಿಡಿಯಬಾರದು ಎಂದು ಅವರಿಗೆ ತಿಳಿಸಿ ಹೇಳಿ, ಭಾಗಾಕಾರವನ್ನು ಮೊದಲಿನಿಂದ ಮಾಡಿದೆ.

ಇಂದು ೨೧ನೆಯ ತಾರೀಖು, ಶುಕ್ರವಾರ, ಶಾಲೆಗೆ ವಾರದ ರಜೆ. ನೆಗಡಿಗೆ ಐದನೆಯ ದಿನ. ಕಲ್ಯಾಣಕ್ಕೆ ಹೋಗುವ ಬೆಳಗಿನ ಮೋಟಾರು ಈಗ ತಾನೇ ಭೋಂ ಎಂದು ಕೂಗಿ ನನ್ನ ಕಿಟಕಿಯ ಮುಂದಿನಿಂದ ಹಾಯ್ದುಹೋಯಿತು. ಪ್ರತಿ ಶುಕ್ರವಾರ ಅದರಲ್ಲಿ ಕುಳಿತು ಸೋದರತ್ತೆಯ ಮನೆಗೆ ಹೋಗುವವನು ನಾನು. ಇಂದು ಹೋಗಲಿಲ್ಲ. ಮೂರು ದಸ್ತಿಗಳನ್ನು ಒಗೆದು ಕಿಟಕಿಯ ಸರಳಿಗೆ ಕಟ್ಟಿ, ನಾಲ್ಕನೆಯದನ್ನು ಮೂಗಿಗೆ ಹಿಡಿದುಕೊಂಡು ಕುಳಿತಿದ್ದೇನೆ. ಮುಂದೆ ನನ್ನ ನೆಗಡಿ ವಹಿ ತೆರೆದಿದೆ.

ನೆಗಡಿ ವಹಿ ಎಂದರೆ ನಗಬೇಡಿ. ಅಥವಾ ನಗಿರಿ, ಇಷ್ಟು ವರ್ಷ ಯಾರೂ ನಗದೆ ಬಿಟ್ಟಿಲ್ಲ. ಹನ್ನೆರಡು ವರ್ಷದವನಿದ್ದಾಗ, ೧೯೩೫ರಲ್ಲಿ, ಅರ್ಧ ಉಳಿದ ಭೂಗೋಳದ ನೋಟುಬುಕ್ಕಿನಲ್ಲಿ ಇದನ್ನು ಶುರುಮಾಡಿದೆ. ಮೊದಲ ಪುಟಗಳಲ್ಲಿ ಇನ್ನೂ ಗೋದಾವರಿ ಕೃಷ್ಣೆಯರು ಹರಿಯುತ್ತಾರೆ. ಅವು ಮುಗಿದ ಮೇಲೆ ನನ್ನ ಮೂಗು. ಪುಟಕ್ಕೆ ಒಂದು ನೆಗಡಿ. ಮೊದಲ ಸೀನಿನ ತಾರೀಖು, ವಾರ, ಗಂಟೆ, ಸ್ಥಳ, ಹಿಂದಿನ ದಿನ ತಿಂದದ್ದು, ದಿನಕ್ಕೆ ಎಷ್ಟು ಸೀನು, ಎಷ್ಟು ದಸ್ತಿ, ಯಾವ ಮದ್ದು, ಮೂಗು ತೆರೆದ ದಿನ. ಇಷ್ಟು ಮನೆಗಳನ್ನು ಅಡ್ಡ ಉದ್ದ ಗೆರೆ ಎಳೆದು ಮಾಡಿದ್ದೇನೆ. ಓದುವ ಪುಸ್ತಕಗಳನ್ನು ಇಷ್ಟು ಅಂದವಾಗಿ ಇಟ್ಟುಕೊಂಡಿದ್ದರೆ ಇಷ್ಟೊತ್ತಿಗೆ ಹೈದರಾಬಾದಿನಲ್ಲಿ ಇರುತ್ತಿದ್ದೆ.

ಈ ವಹಿ ಹುಟ್ಟಿದ್ದು ಪೇರಲ ಹಣ್ಣಿನ ಸಲುವಾಗಿ. ನಮ್ಮ ಊರು ಕೊಹಿನೂರ. ಅಲ್ಲಿ ಓದು ಮುಂದುವರಿಯುವಂತಿರಲಿಲ್ಲವಾದ್ದರಿಂದ ಅಪ್ಪ ನನ್ನನ್ನು ಕಲ್ಯಾಣದಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟ. ಬಸವಣ್ಣನವರ ಕಲ್ಯಾಣಕ್ಕೆ ಹೊರಟಿದ್ದೇನೆಂದು ಊರಿನವರೆಲ್ಲ ನನ್ನ ತಲೆ ಮುಟ್ಟಿ ಕಳಿಸಿದ್ದರು; ನಾನು ಅಲ್ಲಿ ಇಳಿದ ಮೂರನೆಯ ದಿನವೇ ಸೀನಿದೆ. ಅತ್ತೆಗೆ ಮಕ್ಕಳಿರಲಿಲ್ಲ, ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರೇ. ನನ್ನ ನೆಗಡಿಯ ಕಾರಣ ಹುಡುಕುವುದಕ್ಕೆ ಆಕೆಗೆ ಬೇಕಾದಷ್ಟು ಹೊತ್ತಿತ್ತು. ಒದ್ದೆ ತಲೆ, ಹುಳಿ ಮಜ್ಜಿಗೆ, ಮೂಡಣ ಗಾಳಿ, ಕೋಟೆಯ ಕಡೆಯ ಬಾವಿಯ ನೀರು, ಹೀಗೆ ಆಪಾದಿತರ ದೊಡ್ಡ ಗುಂಪೇ ಇತ್ತು. ಆದರೆ ಎಲ್ಲರಿಗಿಂತ ಮೊದಲು ಕಟಕಟೆಗೆ ಬರುತ್ತಿದ್ದುದು ಪೇರಲ.

“ಪ್ಯಾರಲ ತಿಂದಿ, ಹೌದಲ್ಲೊ ಚನ್ನ್ಯಾ? ಸುಳ್ಳ ಹೇಳಬ್ಯಾಡ, ನಿನ್ನ ಮೂಗೇ ಹೇಳಾಕತ್ತದ.”

ನನ್ನ ಹೆಸರು ಚನ್ನಪ್ಪ. ಅತ್ತೆ ಸಿಟ್ಟಿನಲ್ಲಿ ಚನ್ನ್ಯಾ ಎನ್ನುತ್ತಿದ್ದಳು, ಪ್ರೀತಿಯಲ್ಲಿಯೂ ಅದೇ; ಯಾವುದು ಯಾವಾಗ ಎಂದು ತಿಳಿಯಲು ಮುಖ ನೋಡಬೇಕಾಗಿತ್ತು. ನಾನು ಪೇರಲ ತಿಂದಿರುತ್ತಿದ್ದೆ, ಸುಳ್ಳಲ್ಲ. ಆದರೆ ತಿಂದ ದಿನಗಳೆಲ್ಲ ನೆಗಡಿ ಬರುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಕೆ ನಂಬುವವಳಲ್ಲ. ಬರೆದಿಡೋಣ, ಒಂದು ದಿನ ಮುಂದಿಟ್ಟು ಗೆಲ್ಲೋಣ ಎಂದು ವಹಿ ಶುರುಮಾಡಿದೆ. ಪೇರಲದ ವಕೀಲನಾಗಿ ಹೊರಟವನು ಮುಂದೆ ಅತ್ತೆಯ ಮೇಲೆಯೇ ತೀರ್ಪು ಓದುವವನಾದೆ. ಆ ಕಥೆಗೆ ಬರುತ್ತೇನೆ.

ಮೊದಲು ಕಷಾಯದ ಮಾತು ಹೇಳಬೇಕು. ನನ್ನ ಮೊದಲ ಸೀನಿಗೆ ಅತ್ತೆ ಬೈಯುತ್ತಿದ್ದಳು, ಎರಡನೆಯದಕ್ಕೆ ಒಲೆ ಹೊತ್ತಿಸುತ್ತಿದ್ದಳು. ಹಿತ್ತಾಳೆಯ ಕುಟ್ಟಾಣಿಯ ಸದ್ದು ಕೇಳಿಸುತ್ತಿತ್ತು. ಒಣಶುಂಠಿಯ ಸದ್ದು ಬೇರೆ, ಕರಿಮೆಣಸಿನದು ಬೇರೆ. ಬೆಲ್ಲ ಒಡೆಯುವುದಂತೂ ಎಲ್ಲರಿಗೂ ಗೊತ್ತಾಗುವಂಥದು. ಇವು ಮೂರನ್ನು ನಾನು ಕೌದಿಯೊಳಗಿಂದಲೇ ಗುರುತಿಸುತ್ತಿದ್ದೆ. ಆಮೇಲೆ ಆಕೆ ಗೋಡೆಯ ಗೂಡಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ನನಗೆ ಬೆನ್ನು ಮಾಡಿ, ನಾಲ್ಕನೆಯದನ್ನು ಹಾಕುತ್ತಿದ್ದಳು. ಅದು ಏನು ಎಂದು ಕೇಳಬಾರದು. ಮದ್ದಿನ ಹೆಸರು ಹೇಳಿದರೆ ಅದರ ಗುಣ ಹೋಗುತ್ತದೆ ಎಂಬುದು ಆಕೆಗೆ ಆಕೆಯ ಅತ್ತೆಯಿಂದ ಬಂದ ಕಟ್ಟಳೆ. ನೆಗಡಿ ಇಲ್ಲದಾಗ ಅದನ್ನು ಮಾಡುವಂತೆಯೂ ಇಲ್ಲ. ಮಾಡಿದರೆ ನೆಗಡಿಯನ್ನು ಎಲೆ ಅಡಿಕೆ ಕೊಟ್ಟು ಕರೆದಂತೆ. ಹೀಗಾಗಿ ನಾನು ಆ ಕಷಾಯವನ್ನು ಮೂಗು ಕಟ್ಟಿದಾಗ ಮಾತ್ರ ಕುಡಿದಿದ್ದೇನೆ. ಬಿಸಿ ಇತ್ತು, ಗಂಟಲು ಸುಡುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಅದರ ವಾಸನೆ ಹೇಗಿತ್ತು ಎಂದು ಕೇಳಿದರೆ ದೇವರಾಣೆ ಗೊತ್ತಿಲ್ಲ.

ವಾಸನೆ ಗೊತ್ತಿದ್ದವರು ಒಬ್ಬರಿದ್ದರು. ಪಕ್ಕದ ಮನೆಯ ಹಕೀಮ ಸಾಹೇಬರು. ಎರಡು ಮನೆಗೂ ಸೇರಿ ಒಂದೇ ಗೋಡೆ. ಅದು ಎದೆಮಟ್ಟಕ್ಕೆ ಇದ್ದುದರಿಂದ ಮಾತಿಗೆ ಅಡ್ಡಿಯಿರಲಿಲ್ಲ. ಅವರು ನೆಗಡಿಗೆ ಜೋಶಾಂದಾ ಎಂಬ ತಮ್ಮ ಯುನಾನಿ ಕಷಾಯ ಕೊಡುತ್ತಿದ್ದರು. ಅತ್ತೆಯ ಒಲೆ ಹೊತ್ತಿದ ಕೂಡಲೇ ಗೋಡೆಯ ಆಚೆಯಿಂದ ಅವರ ಗಡ್ಡ ಕಾಣಿಸುತ್ತಿತ್ತು.

“ಅಕ್ಕಾ, ನಿಮ್ಮ ಕಷಾಯದ ಘಾಟಿಗಿ ನಮ್ಮ ಕೋಳಿ ಸೈತ ಸೀನಾಕತ್ಯಾವ್ರಿ.”

“ಸೀನ್ಲಿ ಬಿಡ್ರಿ ಸಾಬ್ರ, ಗುಣ ಹತ್ತೇದಂತ ತಿಳ್ಕೋರ್ರಿ. ನಿಮ್ಮ ಜೋಶಾಂದಾಕ್ಕ ಅಷ್ಟೂ ಆಗೂದಿಲ್ಲ.”

ಇಬ್ಬರಿಗೂ ಒಬ್ಬನೇ ರೋಗಿ, ನಾನು. ಮನೆಯಲ್ಲಿ ಕಷಾಯ ಕುಡಿಯುತ್ತಿದ್ದೆ. ಅತ್ತೆ ಯಾರದೋ ಮದುವೆಗೆಂದು ಹೋದಾಗ ಗೋಡೆಯ ಮೇಲಿಂದ ಜೋಶಾಂದಾ ಬರುತ್ತಿತ್ತು. ಎರಡು ಸಲ ಎರಡನ್ನೂ ಕುಡಿದು ಯಾರಿಗೂ ಹೇಳಲಿಲ್ಲ. ವಹಿಯಲ್ಲಿ ಮಾತ್ರ ಬರೆದಿದ್ದೇನೆ.

ಸೀನಿನ ಇನ್ನೊಂದು ತೊಂದರೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮರೆತೇನು. ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ನಮ್ಮಲ್ಲಿ ಹೊರಟವರು ಕೂತು, ನೀರು ಕುಡಿದು, ಆಮೇಲೆ ಏಳಬೇಕು. ನನ್ನ ಆರನೆಯ ನೆಗಡಿಯ ಎರಡನೆಯ ದಿನ ಹುಲಸೂರಿನಿಂದ ಬಂದಿದ್ದ ಅತ್ತೆಯ ಮೈದುನ ಬೆಳಿಗ್ಗೆ ಊರಿಗೆ ಹೊರಟ. ಚಪ್ಪಲಿಗೆ ಕಾಲಿಟ್ಟ, ನಾನು ಸೀನಿದೆ. ಕೂತು ನೀರು ಕುಡಿದ. ಎದ್ದ, ಸೀನಿದೆ. ನಾನು ತಡೆದು ತಡೆದು ಸೀನುತ್ತಿದ್ದುದರಿಂದ ಅವು ಒಂಟಿಯಾಗಿಯೇ ಬರುತ್ತಿದ್ದವು. ಹೊತ್ತು ನೆತ್ತಿಗೇರುವಷ್ಟರಲ್ಲಿ ಆತ ಏಳು ತಂಬಿಗೆ ನೀರು ಕುಡಿದಿದ್ದ. ಆಮೇಲೆ ಹೊರಡಬೇಕೆಂದರೂ ಹೊರಡಲಾರದ ಬೇರೆ ಅವಸರ ಆತನಿಗೆ ಶುರುವಾಯಿತು. ಕೊನೆಗೆ ಅತ್ತೆ ನನ್ನನ್ನು ಹಕೀಮ ಸಾಹೇಬರ ಮನೆಗೆ ಅಟ್ಟಿ, ಗೋಡೆಯ ಆಚೆಯ ಸೀನು ನಮ್ಮ ಮನೆಯದಲ್ಲ ಎಂದು ತೀರ್ಮಾನ ಕೊಟ್ಟು, ಮೈದುನನನ್ನು ಕಳಿಸಿದಳು. ಮುಂದೆ ನಮ್ಮ ಮನೆಗೆ ಬರುವ ಮೊದಲು ಆತ “ಹುಡುಗನ ಮೂಗು ಹ್ಯಾಂಗದ?” ಎಂದು ಹೇಳಿಕಳಿಸಿ ಕೇಳುತ್ತಿದ್ದ.

ಇನ್ನು ಆ ತೀರ್ಪಿನ ಕಥೆ. ೧೯೪೨ರ ನವೆಂಬರ್ ೧೩, ಶುಕ್ರವಾರ. ನನಗೆ ಇಪ್ಪತ್ತೊಂದು ನೆಗಡಿಗಳು ಪೂರ್ತಿಯಾಗಿದ್ದವು. ಪರೀಕ್ಷೆ ಮುಗಿಸಿ ಮನೆಯಲ್ಲಿ ಖಾಲಿ ಕುಳಿತಿದ್ದೆ. ಬೆಳಗಿನಿಂದ ಲೆಕ್ಕ ಮಾಡಿ, ಎರಡು ಸಲ ತಾಳೆ ನೋಡಿ, ಮಧ್ಯಾಹ್ನ ಕಟ್ಟೆಗೆ ಬಂದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಕೀಮ ಸಾಹೇಬರು ತಮ್ಮ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಇಬ್ಬರೂ ಒಟ್ಟಿಗೆ ಸಿಕ್ಕದ್ದು ನನ್ನ ಅದೃಷ್ಟ ಎಂದುಕೊಂಡೆ. ನಿಂತುಕೊಂಡೇ ಓದಿದೆ, ಫಲಿತಾಂಶ ಓದುವ ಹೆಡ್‌ಮಾಸ್ತರರಂತೆ. ಕಷಾಯ ಕುಡಿದ ನೆಗಡಿಗಳು ಹನ್ನೆರಡು. ಜೋಶಾಂದಾ ಕುಡಿದವು ಆರು. ಎರಡನ್ನೂ ಕುಡಿದವು ಎರಡು. ಏನೂ ಕುಡಿಯದ್ದು ಒಂದು. ಯಾವುದನ್ನೇ ಕುಡಿಯಲಿ, ಮೂಗು ತೆರೆದದ್ದು ಏಳನೆಯ ದಿನ, ಹೆಚ್ಚು ಕಡಿಮೆ ಒಂದು ದಿನ. ಪೇರಲ ತಿಂದದ್ದಕ್ಕೂ ನೆಗಡಿಗೂ ಯಾವ ಸಂಬಂಧವೂ ಕಾಣುವುದಿಲ್ಲ.

ಪೇರಲದ ವಿಷಯದಲ್ಲಿ ಜಗಳವಾಗುತ್ತದೆಂದು ಕಾದು ನಿಂತೆ. ಆ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಅತ್ತೆ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿ ಕೇಳಿದಳು:

“ಒಂದ್ ದಿನ ಸೈತ ಕಮ್ಮಿ ಆಗಿಲ್ಲೇನೋ?”

“ಒಂದ್ ಸಲ ಆರ್ ದಿನಕ್ಕ ಹೋಗೇದ, ಅತ್ತಿ.”

“ಅದು ಕಷಾಯ ಕುಡದಾಗಿಂದೇನು?”

ಅಲ್ಲಿ ಹೌದು ಎಂದಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ನಾನು ಬೆರಳು ಇಟ್ಟು ಪುಟ ಹುಡುಕಿ, ಗೆರೆ ಹಿಡಿದು ನೋಡಿ ಹೇಳಿದೆ: “ಅಲ್ಲ. ಅವಾಗ ಕೊಹಿನೂರದಾಗ ಇದ್ದೆ. ಏನೂ ಕುಡದಿದ್ದಿಲ್ಲ.”

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದಳು. ಹಕೀಮ ಸಾಹೇಬರು ಆಕೆ ಹೋದ ಬಾಗಿಲನ್ನೇ ನೋಡಿ ಮೆಲ್ಲಗೆ ಹೇಳಿದರು: “ಖರೇ ಅದ ಬೇಟಾ. ಈ ಮಾತು ತಿಳೀಲಿಕ್ಕ ನನಗ ಮೂವತ್ತ ವರ್ಷ ಹಿಡೀತು. ಆದ್ರ ನಾ ಯಾರ ಮುಂದೂ ಓದ್ಲಿಲ್ಲ.”

ಅಂದು ಸಂಜೆ ಕುಟ್ಟಾಣಿ ಗೂಡಿನಲ್ಲಿ ಬೋರಲು ಬಿದ್ದಿತ್ತು.

ಇಪ್ಪತ್ತೆರಡನೆಯ ನೆಗಡಿ ಮುಂದಿನ ಫೆಬ್ರವರಿಯಲ್ಲಿ ಬಂತು. ಎರಡನೆಯ ಸೀನು ಸೀನಿ ಒಲೆಯ ಕಡೆ ಕಿವಿಗೊಟ್ಟೆ. ಸದ್ದಿಲ್ಲ. ಮೂರನೆಯದನ್ನು ಸ್ವಲ್ಪ ಜೋರಾಗಿಯೇ ಸೀನಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತದೆ ಹೇಳಿದಳು: “ಹ್ಯಾಂಗೂ ಏಳ ದಿನಕ್ಕ ಹೋಗ್ತದಲ್ಲ. ಕುಂಡ್ರು.”

ಗೋಡೆಯ ಹತ್ತಿರ ಹೋಗಿ ಹಕೀಮ ಸಾಹೇಬರನ್ನು ಕೇಳಿದೆ. ಅಕ್ಕ ಕೊಡದೆ ಇದ್ದಾಗ ತಾವು ಕೊಟ್ಟರೆ ಗೋಡೆಯ ಮೇಲಿನ ಮಾತೇ ನಿಂತುಹೋಗುತ್ತದೆ, ಅದು ತಮಗೆ ಬೇಡ ಎಂದರು. ಕುಳಿತೆ. ಏಳು ದಿನವೇ ಆಯಿತು, ಲೆಕ್ಕ ತಪ್ಪಲಿಲ್ಲ. ಆ ನೆಗಡಿಯ ಸೀನು ನಾನೂರ ಹನ್ನೆರಡು, ವಹಿಯಲ್ಲಿಯೇ ದೊಡ್ಡ ಅಂಕಿ. ನೆಗಡಿ ಜೋರಾಗಿತ್ತು ಎಂದಲ್ಲ. ಎಣಿಸುವುದನ್ನು ಬಿಟ್ಟು ನನಗೆ ಬೇರೆ ಏನೂ ಇರಲಿಲ್ಲ. ಹಿಂದಿನ ನೆಗಡಿಗಳಲ್ಲಿ ದಿನಕ್ಕೆ ಎರಡು ಹೊತ್ತು ಯಾರೋ ಬಂದು ಹಣೆ ಮುಟ್ಟಿ, ಬೈದು, ಲೋಟ ಕೈಗೆ ಕೊಟ್ಟು, ಕೊನೆಯ ಗುಟುಕು ಇಳಿಯುವವರೆಗೆ ಎದುರು ಕೂತಿರುತ್ತಿದ್ದರು. ಅದಕ್ಕೆ ನಾನು ವಹಿಯಲ್ಲಿ ಮನೆ ಮಾಡಿರಲಿಲ್ಲ.

ಜೂನಿನಲ್ಲಿ, ಮಿರಗದ ಮಳೆ ಹಿಡಿದಾಗ, ನನಗೆ ಹುಮನಾಬಾದಿನಲ್ಲಿ ಮಾಸ್ತರಿಕೆ ಸಿಕ್ಕಿತು. ನೆಗಡಿಯ ನಿಜವಾದ ವಿದ್ಯೆ ನನಗೆ ದೊರೆತದ್ದು ಅಲ್ಲಿಯೇ. ಹಾಜಿರಿ ಪಟ್ಟಿಯಲ್ಲಿ ಮೂಗು ಸುರಿಯುವ ಹುಡುಗರ ಹೆಸರಿನ ಮುಂದೆ ಸಣ್ಣ ಚುಕ್ಕೆ ಇಡಲು ಶುರುಮಾಡಿದೆ. ಮೊದಲ ಮಳೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಂದು ಚುಕ್ಕೆ ಇತ್ತು. ಎರಡು ದಿನಕ್ಕೆ ಅದರ ಎಡಕ್ಕೊಂದು ಬಲಕ್ಕೊಂದು. ವಾರದಲ್ಲಿ ಚುಕ್ಕೆಗಳು ಮುಂದಿನ ಸಾಲಿಗೆ ಬಂದು ಕುಳಿತವು. ಮಳೆಯಲ್ಲಿ ನೆನೆದ ಹುಡುಗರಿಗೆ ಚುಕ್ಕೆ ಇಲ್ಲ. ನೆನೆಯದೆ, ಚುಕ್ಕೆಯ ಪಕ್ಕದಲ್ಲಿ ಕೂತವರಿಗೆ ಇದೆ. ಉಗುಳು ಹಚ್ಚಿ ಅಂಗಿಯಲ್ಲಿ ಒರೆಸಿದ ಪಾಟಿಗಳನ್ನು ನಾನು ಒಂದೊಂದಾಗಿ ಕೈಗೆ ತೆಗೆದುಕೊಂಡು ತಿದ್ದುತ್ತಿದ್ದೆ, ಅದೇ ಕೈಯಿಂದ ಮೂಗು ತಿಕ್ಕುತ್ತಿದ್ದೆ. ಆ ಸಲ ಹೇಗೋ ಪಾರಾದೆ. ಆದರೆ ವಿಷಯ ತಿಳಿಯಿತು. ನೆಗಡಿ ಪೇರಲದಿಂದ ಬರುವುದಿಲ್ಲ, ಗಾಳಿಯಿಂದಲೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಬರುತ್ತದೆ, ಎರಡು ಮೂರು ದಿನ ಒಳಗೆ ಕೂತಿದ್ದು ಆಮೇಲೆ ಸೀನಿಸುತ್ತದೆ. ಅಂದು ಸಂತೆಯಲ್ಲಿ ಆರು ಪೇರಲ ತಂದು, ನಿರ್ದೋಷಿಗಳ ಬಿಡುಗಡೆ ಎಂದು ಆರನ್ನೂ ತಿಂದೆ. ನೆಗಡಿ ಬರಲಿಲ್ಲ. ಹೊಟ್ಟೆನೋವು ಬಂತು. ಅದಕ್ಕೆ ನಾನು ವಹಿ ಇಟ್ಟಿಲ್ಲ.

ಇಷ್ಟೆಲ್ಲ ತಿಳಿದವನು ಮುಂದೆ ಮಾಡಿದ್ದೇನು ಎಂಬುದನ್ನು ಬರೆಯಲು ನನಗೆ ನಾಚಿಕೆ. ಅಕ್ಟೋಬರ್ ೨೦, ಬುಧವಾರ, ಮೋಡದ ಬೆಳಗಿನಲ್ಲಿ ಇಪ್ಪತ್ತಮೂರನೆಯದು ಬಂತು. ಶುಕ್ರವಾರ ಅದನ್ನು ಹೊತ್ತುಕೊಂಡು ಮೋಟಾರು ಹತ್ತಿ ಕಲ್ಯಾಣಕ್ಕೆ ಹೋದೆ. ಅತ್ತೆಯ ಮನಸ್ಸು ಈಗಲಾದರೂ ಕರಗಬಹುದು, ಕುಟ್ಟಾಣಿಯ ಸದ್ದು ಕೇಳಬಹುದು ಎಂಬ ಆಸೆ. ನನ್ನ ಹಾಜಿರಿ ಪಟ್ಟಿಯ ಚುಕ್ಕೆಗಳು ಹುಡುಗರಿಗೆ ಮಾತ್ರ ಎಂದುಕೊಂಡಿದ್ದೆನೋ ಏನೋ. ಮನಸ್ಸು ಕರಗಿತು, ಕಷಾಯವಾಗಲಿಲ್ಲ. ಅತ್ತೆ ದಿನವಿಡೀ ನನ್ನ ಪಕ್ಕದಲ್ಲಿ ಕೂತು ಬಿಸಿ ಅರಿವೆಯಿಂದ ಎದೆಗೆ ಶಾಖ ಕೊಟ್ಟಳು. ನನ್ನ ದಸ್ತಿಗಳನ್ನು ಒಗೆದು ಹಾಕಿದಳು. ಶನಿವಾರ ಬೆಳಿಗ್ಗೆ ನಾನು ಹುಮನಾಬಾದಿಗೆ ಮರಳಿದೆ. ಮಂಗಳವಾರ, ಹೇಳಿದಂತೆ ಏಳನೆಯ ದಿನ, ನನ್ನ ಮೂಗು ತೆರೆಯಿತು. ಅದೇ ಸಂಜೆ ಮೋಟಾರಿನ ಡ್ರೈವರ ಹಕೀಮ ಸಾಹೇಬರ ಚೀಟಿ ತಂದು ಕೊಟ್ಟ. ಅಕ್ಕನಿಗೆ ಜ್ವರ, ಎದೆ ಕಟ್ಟಿದೆ, ಬಾ ಎಂದು ಬರೆದಿತ್ತು.

ಮರುದಿನ ರಜೆ ಹಾಕಿ ಹೋದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಪ್ರತಿ ಉಸಿರಿಗೂ ಎದೆಯೊಳಗಿನಿಂದ ಹಳೆಯ ಬಾಗಿಲಿನ ಸದ್ದು ಬರುತ್ತಿತ್ತು. ಹಕೀಮ ಸಾಹೇಬರು ನನ್ನನ್ನು ಹೊರಗೆ ಕರೆದು ಹೇಳಿದರು: “ನಿಂದು ಮೂಗಿನಾಗ ಬಂದು ಮೂಗಿನಾಗೇ ಹೋಗ್ತದ ಬೇಟಾ. ಈ ವಯಸ್ಸಿನಾಗ ಅದು ಎದಿಗಿ ಇಳೀತದ. ಮೂರ್ ನಾಕ್ ದಿನ ನೋಡಬೇಕು.”

ಹಿಂದೆ ಆಕೆಗೆ ನೆಗಡಿಯಾದಾಗ ಎಷ್ಟು ದಿನ ಹಿಡಿದಿತ್ತು ಎಂದು ತಿಳಿದರೆ ಧೈರ್ಯ ಬಂದೀತೆಂದು ವಹಿ ತೆಗೆದೆ. ಅತ್ತೆಯ ಹೆಸರಿನಲ್ಲಿ ಒಂದು ಪುಟವೂ ಇರಲಿಲ್ಲ. ಆಕೆಗೆ ನೆಗಡಿಯೇ ಆಗಿಲ್ಲವೆಂದು ಒಂದು ಕ್ಷಣ ಸಮಾಧಾನಪಟ್ಟೆ. ನನ್ನ ಬುದ್ಧಿ ಅಷ್ಟು. ಆಮೇಲೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ನಾನೇ ಬರೆದ ಒಂದು ಟಿಪ್ಪಣಿ ಕಣ್ಣಿಗೆ ಬಿತ್ತು: ‘ಅತ್ತೆ ಕೆಮ್ಮಿದ್ದರಿಂದ ಎಣಿಕೆ ತಪ್ಪಿತು.’ ಪುಟ ತಿರುಗಿಸಿದೆ. ಇನ್ನೊಂದು. ಹೀಗೆ ಒಂಬತ್ತು ಕಡೆ. ಒಂಬತ್ತೂ ನನ್ನ ನೆಗಡಿಯ ನಾಲ್ಕನೆಯ ಇಲ್ಲವೆ ಐದನೆಯ ದಿನ. ನನ್ನ ಹಣೆ ಮುಟ್ಟಿ, ಎದುರು ಕೂತು, ನನ್ನ ಲೋಟ ತೊಳೆದು, ಆಕೆ ಒಂಬತ್ತು ಸಲ ನನ್ನಿಂದ ನೆಗಡಿ ತೆಗೆದುಕೊಂಡಿದ್ದಳು. ಅದು ನನ್ನ ವಹಿಯಲ್ಲಿ ದಾಖಲಾದದ್ದು ಎಣಿಕೆಗೆ ಬಂದ ಅಡ್ಡಿಯಾಗಿ. ಆಕೆಗೆ ಆ ದಿನಗಳಲ್ಲಿ ಕಷಾಯ ಯಾರು ಮಾಡಿಕೊಟ್ಟರು ಎಂದು ನೆನಪಿಸಿಕೊಳ್ಳಲು ಹೋಗಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ ಎಂದು ಆಗಲೇ ಹೇಳಿದ್ದೇನೆ.

ಎದ್ದು ಒಲೆ ಹೊತ್ತಿಸಿದೆ. ಕಷಾಯ ಮಾಡುವುದು ಹೇಗೆ ಎಂದು ವಹಿ ನೋಡಿದೆ. ‘ಕಷಾಯ, ಒಂದು ಲೋಟ’ ಎಂದಿತ್ತು, ಹದಿನಾಲ್ಕು ಪುಟಗಳಲ್ಲಿ, ಒಂದೇ ರೀತಿ, ಅಂದವಾದ ಅಕ್ಷರದಲ್ಲಿ. ಶುಂಠಿ, ಮೆಣಸು, ಬೆಲ್ಲ ಎಂಬುದು ಸದ್ದಿನಿಂದ ಗೊತ್ತು. ಎಷ್ಟೆಷ್ಟು ಎಂಬುದು ಸದ್ದಿನಿಂದ ತಿಳಿಯಲಾರದು. ಗೂಡಿನಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಒಳಗೆ ಅರಿವೆಯ ಎರಡು ಗಂಟುಗಳು, ಎರಡರಲ್ಲಿಯೂ ಕಂದು ಬಣ್ಣದ ಪುಡಿ. ಮೂಸಿ ನೋಡಿದೆ. ಮೂಗು ಚೆನ್ನಾಗಿಯೇ ತೆರೆದಿತ್ತು. ಎರಡಕ್ಕೂ ಬೇರೆ ಬೇರೆ ವಾಸನೆ ಇತ್ತು. ಆದರೆ ಕಷಾಯದ ವಾಸನೆ ಯಾವುದು ಎಂದು ನನಗೆ ಗೊತ್ತಿದ್ದರೆ ತಾನೇ? ಹದಿನಾಲ್ಕು ನೆಗಡಿಗಳ ಕಾಲ ಕುಡಿದ ವಸ್ತುವನ್ನು ಮುಂದಿಟ್ಟುಕೊಂಡು, ಪರಸ್ಥಳದವನಂತೆ ಕುಳಿತೆ. ಹಕೀಮ ಸಾಹೇಬರಿಗೆ ಮೂಸಲು ಕೊಡುವಂತಿರಲಿಲ್ಲ, ಅತ್ತೆಯ ಗುಟ್ಟು ಅವರಿಗೇ ತಿಳಿಯಬಾರದ್ದು. ಕೊನೆಗೆ ಚಿಕ್ಕ ಗಂಟೇ ಮದ್ದಿರಬೇಕು, ಮದ್ದು ಕಡಿಮೆ ಇರುತ್ತದೆ ಎಂದು ತರ್ಕ ಮಾಡಿ ಅದನ್ನು ಹಾಕಿದೆ.

ಅತ್ತೆ ಒಂದು ಗುಟುಕು ಕುಡಿದಳು. ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು.

“ಬೆಲ್ಲ ಹಾಕಿ ಸಾರ್ ಮಾಡೀಯಲ್ಲೋ ಚನ್ನ್ಯಾ. ಅನ್ನಾನೂ ತಗೊಂಡ್ ಬಾ, ಕಲಸ್ಕೊಂಡು ಉಣ್ತೀನಿ.”

ಚಿಕ್ಕ ಗಂಟು ಸಾರಿನ ಮಸಾಲೆಯದಾಗಿತ್ತು. ಆಕೆಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಕೆಮ್ಮು ನಿಲ್ಲುವವರೆಗೆ ನಾನು ಆಕೆಯ ಬೆನ್ನು ಹಿಡಿದು ಕುಳಿತೆ. ಅದನ್ನು ಎಣಿಸಲಿಲ್ಲ. ನಿಂತ ಮೇಲೆ ಆಕೆ ಆ ಸಾರನ್ನು ತಳ ಕಾಣುವವರೆಗೆ ಕುಡಿದಳು. ಇನ್ನೊಂದು ಗಂಟಿನಲ್ಲಿರುವುದು ಏನು, ಎಷ್ಟು ಹಾಕಬೇಕು ಎಂದು ಕೇಳಿದೆ.

“ಹೆಸರ್ ಹೇಳಿದ್ರ ಗುಣ ಹೋಗ್ತದ,” ಎಂದಳು. ಉಸಿರು ತೆಗೆದುಕೊಂಡು ಮತ್ತೆ: “ಗುಣ ಇಲ್ಲಂತ ನೀನೇ ಬರ್ದೀಯಲ್ಲ, ಇಲ್ಲದ್ದು ಹ್ಯಾಂಗ ಹೋಗ್ತದಂತ ಕೇಳಬ್ಯಾಡ. ನೀ ಬರ್ಕೋ, ಏಳ ದಿನಕ್ಕ ಹೋಗ್ತದಂತ.”

ಏಳು ದಿನಕ್ಕೆ ಹೋಗಲಿಲ್ಲ. ಮೊದಲ ನಾಲ್ಕು ದಿನ ಹಕೀಮ ಸಾಹೇಬರು ಗೋಡೆ ಬಿಟ್ಟು ಬಾಗಿಲಿನಿಂದಲೇ ಬಂದು ಹೋಗಿ ಮಾಡಿದರು. ಅತ್ತೆ ಜೀವಮಾನದಲ್ಲಿ ಮೊದಲ ಸಲ ಅವರ ಜೋಶಾಂದಾ ಕುಡಿದಳು, ಅದನ್ನು ವಹಿಯಲ್ಲಿ ಬರೆಯಕೂಡದು ಎಂಬ ಕರಾರಿನ ಮೇಲೆ. ಕರಾರು ಉಳಿಸಿಕೊಂಡಿದ್ದೇನೆ, ಇದು ವಹಿಯಲ್ಲ, ಮಾಸಪತ್ರಿಕೆ. ಆರನೆಯ ದಿನ ಆಕೆ ಮಲಗಿ ನಿದ್ದೆ ಮಾಡಿದಳು. ಹತ್ತೊಂಬತ್ತನೆಯ ದಿನ ಬಾವಿಯಿಂದ ನೀರು ತಂದು, ನಾನು ಒಗೆದ ಅರಿವೆಗಳನ್ನೆಲ್ಲ ಬೈಯುತ್ತ ಮತ್ತೆ ಒಗೆದಳು. ವಹಿಯ ಕೊನೆಯಿಂದ ಶುರುಮಾಡಿ ಅತ್ತೆಗೆ ಬೇರೆ ಪುಟ ಇಟ್ಟಿದ್ದೇನೆ. ಮೊದಲ ಸಾಲು: ಹತ್ತೊಂಬತ್ತು ದಿನ.

ಅಂದಿನಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ಮೂಗು ತೆರೆದು ಮೂರು ದಿನ ಕಳೆಯುವವರೆಗೆ ಮೋಟಾರು ಹತ್ತಕೂಡದು. ಪಾಟಿ ಮುಟ್ಟಿದ ಕೈಯನ್ನು ತೊಳೆಯದೆ ಮೂಗಿಗೆ ತರಕೂಡದು. ಸೀನು ಬಂದರೆ ದಸ್ತಿ, ದಸ್ತಿ ಬಿಸಿನೀರಿಗೆ. ಬಿಸಿಯಾದದ್ದು ಏನಾದರೂ ಕುಡಿದು, ಮಲಗಿ, ಏಳು ದಿನ ಕಾಯುವುದು. ಒಂಬತ್ತು ವರ್ಷದ ವಹಿಯಿಂದ ಹೊರಟ ಜ್ಞಾನ ಇಷ್ಟೇ. ಒಂದು ಕಾರ್ಡಿನ ಹಿಂಬದಿಗೆ ಹಿಡಿಸುತ್ತದೆ.

ಮೊನ್ನೆ ಮಂಗಳವಾರ ಡ್ರೈವರನ ಕೈಯಲ್ಲಿ ಹೇಳಿಕಳಿಸಿದೆ: ನೆಗಡಿಯಾಗಿದೆ, ಈ ಶುಕ್ರವಾರ ಬರುವುದಿಲ್ಲ, ನಾಲ್ಕನೆಯ ಸಾಮಾನಿನ ಹೆಸರು ಮಾತ್ರ ಬರೆಸಿ ಕಳಿಸು. ನಿನ್ನೆ ಉತ್ತರ ಬಂತು. ಅತ್ತೆಗೆ ಓದು ಬರಹ ಬಾರದು. ಆಕೆಯ ಪತ್ರಗಳನ್ನೆಲ್ಲ ಬರೆಯುವವರು ಹಕೀಮ ಸಾಹೇಬರು, ನಮ್ಮ ಮಾತನ್ನೇ ಉರ್ದು ಲಿಪಿಯಲ್ಲಿ, ಸರಕಾರದ ಫಸಲಿ ವರ್ಷದ ತಾರೀಖು ಹಾಕಿ. ಆ ತಾರೀಖನ್ನು ನನ್ನ ವಹಿಗೆ ಹೊಂದಿಸಲು ಅರ್ಧ ಗಂಟೆ ಬೇಕು. ಪತ್ರ ಹೀಗಿತ್ತು:

“ಅಕ್ಕಾ ಹೇಳಾಕತ್ಯಾರ, ನಾ ಬರಿಯಾಕತ್ತೀನಿ. ಕುಟ್ಟಾಣಿ ತೊಳದ್ ಇಟ್ಟೀನಿ, ಬಾ. ನೆಗಡಿ ಬಂದಾಗ ಬರ್ಲಿಲ್ಲಂದ್ರ ಮತ್ಯಾವಾಗ ಬರ್ತಿ. ಇದು ಅಕ್ಕಾ ಹೇಳಿದ್ದು. ಸಾಮಾನಿನ ಹೆಸರು ಬರ್ಸ್ರಿ ಅಂದ್ರ ಬರ್ಸವಲ್ರು, ಬರಿಯವ ನಾ ಇದ್ದೀನಲ್ಲ, ಅದಕ್ಕ. ಈ ಗ್ವಾಡಿ ಬಾಜೂಕ ಮೂವತ್ತ ವರ್ಷ ಕುಂತು ಮೂರು ಗುರ್ತಾ ಹಿಡದೀನಿ ಬೇಟಾ. ನಾಕನೇದು ನಿನಗ ತಿಳದ್ರ ನನಗೂ ಒಂದ್ ಕಾರ್ಡ್ ಹಾಕು. ಅಕ್ಕಾಗ ಹೇಳಬ್ಯಾಡ.”

ಹೀಗೆ ಕುಟ್ಟಾಣಿ ಎದ್ದು ಕೂತಿದೆ, ನಾನು ಹೋಗುವಂತಿಲ್ಲ. ನೆಗಡಿ ಇದ್ದಾಗ ಹೋದರೆ ಕಷಾಯ ಸಿಗುತ್ತದೆ, ಆಕೆಗೆ ನೆಗಡಿ ಕೊಟ್ಟು ಬರುತ್ತೇನೆ. ನೆಗಡಿ ಇಲ್ಲದಾಗ ಹೋದರೆ ಆಕೆ ಅದನ್ನು ಮಾಡುವುದಿಲ್ಲ. ಡಬ್ಬಿ ಆ ಗೂಡಿನಲ್ಲಿ ಈಗ ಇಲ್ಲ; ಸಾರಿನ ಪ್ರಸಂಗವಾದ ಮೇಲೆ ಜಾಗ ಬದಲಾಗಿದೆ.

ಆದ್ದರಿಂದ ಈ ಬರಹ. ನನಗಾಗಿ ಅಲ್ಲ, ನನಗೆ ಏಳು ದಿನ ಸಾಕು. ಆದರೆ ಚಳಿ ಇನ್ನೂ ಮುಗಿದಿಲ್ಲ. ನಾನು ಕೊಡದಿದ್ದರೂ ಆಕೆಗೆ ಯಾರಾದರೂ ಒಬ್ಬರು ನೆಗಡಿ ಕೊಟ್ಟೇ ಕೊಡುತ್ತಾರೆ. ಅಂದು ನಾನು ಓಡಿಹೋಗಿ ಒಲೆ ಹೊತ್ತಿಸಿದಾಗ ಮತ್ತೆ ಸಾರು ಆಗಬಾರದು. ಅದರಿಂದ ಒಂದು ದಿನವೂ ಕಮ್ಮಿಯಾಗುವುದಿಲ್ಲ ಎಂದು ವಹಿ ಹೇಳುತ್ತದೆ, ಗೊತ್ತು.

ಕಲ್ಯಾಣ, ಹುಲಸೂರ, ಹುಮನಾಬಾದಿನ ಕಡೆಯ ಓದುಗರೇ, ನಿಮ್ಮ ಮನೆಗಳಲ್ಲಿಯೂ ಒಂದು ಗೂಡು, ಒಂದು ಡಬ್ಬಿ ಇದ್ದೀತು. ಶುಂಠಿ, ಮೆಣಸು, ಬೆಲ್ಲದ ಜೊತೆಗೆ ಹಾಕುವ, ಕಂದು ಬಣ್ಣದ, ಹಕೀಮರಿಗೂ ಗುರುತು ಸಿಗದ, ಪಕ್ಕದ ಮನೆಯ ಕೋಳಿಗಳನ್ನು ಸೀನಿಸುವ ಆ ನಾಲ್ಕನೆಯದು ಏನೆಂದು ಗೊತ್ತಿದ್ದವರು ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕು. ಹೆಸರು ಬರೆದರೆ ಗುಣ ಹೋಗುತ್ತದೆ ಎಂಬ ಕಟ್ಟಳೆ ನಿಮ್ಮಲ್ಲಿಯೂ ಇದ್ದರೆ ಬರೆಯಬೇಡಿ, ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿ ಲಕೋಟೆಯಲ್ಲಿ ಹಾಕಿ ಕಳಿಸಿ. ಅವಸರವಿಲ್ಲ. ಇಂದಿಗೆ ಐದು ದಿನ, ೨೩ರಂದು ನನ್ನ ಮೂಗು ತೆರೆಯುತ್ತದೆ. ಈ ಸಲ ಮೊದಲು ಮೂಸಿ ನೋಡುತ್ತೇನೆ.